ಹದಿನೇಳನೇ ನಂಬರಿನ ಕಟ್ಟು

“ಓದೇ! ಜೋರಾಗಿ ಓದು! ನಿಮ್ಮಮ್ಮನ ಘನಕಾರ್ಯ ಬೀದಿಗೆಲ್ಲ ಗೊತ್ತಾಗಿದೆಯಂತೆ, ಮನೆಯವರಿಗೂ ಗೊತ್ತಾಗ್ಲಿ!”

ಎದುರು ಮನೆಯಾಕೆ ತಂದುಕೊಟ್ಟ ಪತ್ರಿಕೆಯನ್ನು ಅತ್ತೆ ಮೊಮ್ಮಗಳ ಕೈಗೆ ತುರುಕಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. ಅತ್ತೆಯ ನಾಲಿಗೆಯ ವಿಷಯದಲ್ಲಿ ಆ ಬೀದಿಯಲ್ಲಿ ಎರಡು ಮಾತಿರಲಿಲ್ಲ. ಅವರ ಬಾಯಿಗೆ ಸಿಕ್ಕವರು ಪಕ್ಕದ ಬೀದಿ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದರು. ಅಡುಗೆಮನೆಯ ಮೂಲೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಸೊಸೆ ತಲೆ ಎತ್ತಿದಳು. ಹದಿನಾರು ವರ್ಷದ ಮಗಳು ಒಮ್ಮೆ ಅಜ್ಜಿಯ ಮುಖ, ಒಮ್ಮೆ ಅಮ್ಮನ ಮುಖ ನೋಡಿ ಓದತೊಡಗಿದಳು.

“ಕೆಂಪೆದೆಯ ಹಕ್ಕಿಗೆ ಕೆಂಪೇ ಇಲ್ಲ... ಅಪರೂಪದ ಸ್ಟ್ಯಾಂಪುಗಳು ಹರಾಜಿಗೆ. ನೂರು ಸ್ಟ್ಯಾಂಪುಗಳ ಒಂದು ಹಾಳೆಯಲ್ಲಿ ಎಡ ಅಂಚಿನ ಹತ್ತು ಹಕ್ಕಿಗಳಿಗೆ ಕೆಂಪು ಬಣ್ಣ ಬಿದ್ದಿಲ್ಲ. ಹಾಳೆಯ ಜೊತೆ ಕಟ್ಟಿನ ಮೂಲ ಚೀಟಿಯೂ ಇದೆ. ಅದರ ಮೇಲೆ ಪರೀಕ್ಷಕಿಯ ಸಂಖ್ಯೆ... ಹದಿನೇಳು.”

ಹದಿನೇಳು! ಚಾಕು ಕೈಜಾರಿ ಠಣ್ಣೆಂದು ಬಿತ್ತು. ಸೊಸೆ ಅದನ್ನು ಎತ್ತಿಕೊಳ್ಳಲು ನೆಲ ತಡಕಿದಳು. ಮೊಣಕಾಲಿನ ಪಕ್ಕದಲ್ಲೇ ಬಿದ್ದಿದ್ದ ಚಾಕು ಅವಳ ಕೈಗೆ ಸಿಗಲಿಲ್ಲ. ಇನ್ನೇನು ಬಾಯಿಗೆ ಬಂದಂತೆ ಬೈಯಬೇಕೆಂದು ಹತ್ತಿರ ಬಂದಿದ್ದ ಅತ್ತೆ, ಆ ತಡಕಾಟವನ್ನು ಕಂಡು ಯಾಕೋ ಸುಮ್ಮನಾದರು. ಬಗ್ಗಿ ಚಾಕು ಎತ್ತಿ ಮಣೆಯ ಮೇಲಿಟ್ಟು ಹೊರಗೆ ಹೋದರು. ಬೈಗುಳವನ್ನು ಅರ್ಧಕ್ಕೆ ನುಂಗಿದ ಅಜ್ಜಿಯನ್ನು ಮೊಮ್ಮಗಳು ಅಂದೇ ಮೊದಲು ಕಂಡದ್ದು.

ಸ್ಟ್ಯಾಂಪು ಅಚ್ಚು ಹಾಕುವ ಮುದ್ರಣಾಲಯದಲ್ಲಿ ಸೊಸೆಗೆ ಇಪ್ಪತ್ತೆರಡು ವರ್ಷಗಳ ಕೆಲಸ. ಅಲ್ಲಿ ಅವಳ ಹೆಸರನ್ನು ಎಲ್ಲರೂ ಮರೆತೇಬಿಟ್ಟಿದ್ದರು. ಮೇಜಿನ ನಂಬರೇ ಹೆಸರಾಗಿ, ಕಿರಿಯ ಹುಡುಗಿಯರ ಬಾಯಲ್ಲಿ, ಕೊನೆಗೆ ಬೀದಿಯವರ ಬಾಯಲ್ಲೂ ಅವಳು ಹದಿನೇಳಕ್ಕ ಆಗಿದ್ದಳು. ನಾವೂ ಹಾಗೇ ಕರೆಯೋಣ. ಆ ಹೆಸರನ್ನು ಅವಳು ಬೆವರು ಸುರಿಸಿ ಗಳಿಸಿದ್ದಳು. ಎತ್ತರದ ಕಿಟಕಿಗಳ ಕೆಳಗೆ ಉದ್ದನೆಯ ಮೇಜುಗಳ ಸಾಲು. ಒಬ್ಬೊಬ್ಬರ ಮುಂದೆ ಐನೂರು ಹಾಳೆಗಳ ರಾಶಿ, ಹಾಳೆಗೆ ನೂರು ಸ್ಟ್ಯಾಂಪು, ಅಡ್ಡಕ್ಕೆ ಹತ್ತು, ಉದ್ದಕ್ಕೆ ಹತ್ತು. ಕೈಗೆ ಎಣ್ಣೆ ಪಸೆ ಇರಬಾರದು, ಬೆರಳಿಗೆ ಉಂಗುರ ಇರಬಾರದು, ಉಗುರು ಬೆಳೆಸಬಾರದು. ಹಾಳೆಯ ಮೂಲೆ ಹಿಡಿದೆತ್ತಿ, ಒಂದು ಉಸಿರಿನಲ್ಲಿ ನೂರನ್ನೂ ನೋಡಿ ಮಗುಚಬೇಕು. ಬಣ್ಣ ಜರುಗಿದ್ದರೆ, ರಂಧ್ರದ ಸಾಲು ಸೊಟ್ಟಗಿದ್ದರೆ, ಒಂದು ಹಕ್ಕಿಯ ಕಣ್ಣಿಗೆ ಚುಕ್ಕೆ ಕಡಿಮೆಯಾಗಿದ್ದರೂ ನೀಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಬೇರೆ ಪೆಟ್ಟಿಗೆಗೆ ಹಾಕಬೇಕು. ಆ ಪೆಟ್ಟಿಗೆಯ ಹಾಳೆಗಳನ್ನು ಇಬ್ಬರು ಅಧಿಕಾರಿಗಳು ಎಣಿಸಿ, ಎದುರಲ್ಲೇ ನಿಂತು ಸುಡಿಸುತ್ತಾರೆ. ಒಳ್ಳೆಯವನ್ನು ಕಟ್ಟು ಕಟ್ಟಿ, ಮೇಲೆ ತನ್ನ ನಂಬರಿನ ಚೀಟಿ ಅಂಟಿಸಿದರೆ ಅವಳ ಮಾತು ಮುಗಿದಂತೆ. ಆ ಚೀಟಿ ಅಂದರೆ, ಇದರೊಳಗೆ ತಪ್ಪಿಲ್ಲ, ತಪ್ಪಿದ್ದರೆ ನನ್ನನ್ನು ಕೇಳಿ ಎಂದು ಸಹಿ ಹಾಕಿಕೊಟ್ಟ ಹಾಗೆ. ಇಪ್ಪತ್ತು ವರ್ಷ ಅವಳನ್ನು ಯಾರೂ ಕೇಳಬೇಕಾಗಿ ಬರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದರಲ್ಲಿ ಹದಿನೇಳಕ್ಕ ಎತ್ತಿದ ಕೈ ಎಂದು ಮೇಲಧಿಕಾರಿಗಳೇ ಹೊಸಬರಿಗೆ ಹೇಳುತ್ತಿದ್ದರು.

ಎರಡು ವರ್ಷದ ಹಿಂದೆ ಶುರುವಾಯಿತು ನೋಡಿ... ಮೊದಮೊದಲು ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯುತ್ತಿತ್ತು. ಪಕ್ಕದಲ್ಲಿ ಬಂದು ನಿಂತವರು ಮಾತನಾಡಿಸಿದರೆ ಬೆಚ್ಚಿಬೀಳುತ್ತಿದ್ದಳು. ಎದುರಿಗಿರುವುದು ಸ್ಪಷ್ಟವಾಗಿಯೇ ಕಾಣುತ್ತಿತ್ತು. ಅಕ್ಕಪಕ್ಕದ್ದು ಮಾತ್ರ ಯಾರೋ ಎರಡೂ ಕಡೆಯಿಂದ ಮೆಲ್ಲಗೆ ಪರದೆ ಎಳೆದಂತೆ ಮಾಯವಾಗುತ್ತಿತ್ತು. ಕೆಲಸದಲ್ಲಿ ಅವಳು ಹಾಳೆಯ ಈ ತುದಿಯಿಂದ ಆ ತುದಿಗೆ ತಲೆ ಆಡಿಸಿ ನೋಡುವುದನ್ನು ಕಲಿತಳು. “ಹದಿನೇಳಕ್ಕ ಹಾಳೆಗಳಿಗೆಲ್ಲ ‘ಬೇಡ, ಬೇಡ’ ಅಂತಿದ್ದಾರೆ ನೋಡ್ರೇ!” ಎಂದು ಹುಡುಗಿಯರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಕ್ಕು, ಅದೇ ಹಾಳೆಯನ್ನು ಇನ್ನೊಮ್ಮೆ ಎತ್ತಿ ನೋಡುತ್ತಿದ್ದಳು.

ಇದು ಗೊತ್ತಿದ್ದದ್ದು ಗಂಡನೊಬ್ಬನಿಗೆ. ಅವನು ದೊಡ್ಡ ಅಂಚೆ ಕಚೇರಿಯಲ್ಲಿ ಸ್ಟ್ಯಾಂಪು ಮಾರುವ ಗುಮಾಸ್ತ. ಇವಳು ಕಟ್ಟಿದ ಕಟ್ಟು ಬಿಚ್ಚಿ ಮಾರುವುದು ಅವನ ಕೆಲಸ ಎಂದು ಮದುವೆಯಾದ ಹೊಸದರಲ್ಲಿ ನೆಂಟರು ತಮಾಷೆ ಮಾಡುತ್ತಿದ್ದರು. ಅವನೇ ಅವಳನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಡಾಕ್ಟರು ಹನಿ ಹಾಕಿ ಹೊರಗೆ ಕೂರಿಸಿದರು. ಮಂಜು ಕವಿದ ಕಣ್ಣಿನಲ್ಲಿ ಅವಳು ಬೆಂಚಿನ ಮೇಲೆ ಕುಳಿತಿದ್ದಾಗ ಒಳಗೆ ಗಂಡನ ಜೊತೆ ಮಾತಾಡಿ ಒಂದು ಕಾಗದ ಬರೆದುಕೊಟ್ಟರು. ಮನೆಗೆ ಬಂದು ಅವನು ಅದನ್ನು ಓದಿ ಹೇಳಿದ. “ವಯಸ್ಸಾದ್ಮೇಲೆ ಎಲ್ಲರಿಗೂ ಬರೋದೇ ಅಂತೆ. ಅವಸರ ಏನಿಲ್ಲ. ಈ ಹನಿ ಹಾಕ್ಕೊಂಡು ಕೆಲಸ ಮಾಡ್ಕೊಂಡಿರು ಅಂದಿದಾರೆ.” “ಮೇಲಿನವರಿಗೆ ಹೇಳ್ಬಿಡ್ಲೇನ್ರೀ? ತಪ್ಪು ಹಾಳೆ ಏನಾದ್ರೂ ದಾಟಿಹೋದ್ರೆ?” ಎಂದು ಅವಳು ಕೇಳಿದ್ದಕ್ಕೆ, “ಹುಚ್ಚಿ! ಇಪ್ಪತ್ತು ವರ್ಷದಲ್ಲಿ ದಾಟದ್ದು ಈಗ ದಾಟುತ್ತಾ? ನಾನಿಲ್ವಾ?” ಎಂದು ನಕ್ಕಿದ್ದ. ಹಾಳೆಯ ಹಕ್ಕಿಯ ಕಣ್ಣಿನ ಚುಕ್ಕೆಯನ್ನೂ ಬಿಡದೆ ನೋಡುತ್ತಿದ್ದ ಹೆಂಗಸು, ತನ್ನ ಕಣ್ಣಿನ ಕಾಗದವನ್ನು ಮಾತ್ರ ಇನ್ನೊಬ್ಬರ ಬಾಯಿಂದ ಕೇಳಿ ನಂಬಿದಳು. ಗಂಡನ ಮಾತಿಗೂ ಪರೀಕ್ಷೆ ಬೇಕೆಂದು ಯಾವ ಹೆಂಡತಿಗೆ ಹೊಳೆಯುತ್ತದೆ ಹೇಳಿ!

ಆಮೇಲೆ ಅವನಿಗೊಂದು ಅಭ್ಯಾಸ ಬಂತು. ಸಂಜೆ ಮನೆಗೆ ಬಂದವನೇ ಚಪ್ಪಲಿ ಬಿಡುತ್ತ, “ಇವತ್ತು ನಿನ್ನ ಕಟ್ಟು ಬಂದಿತ್ತು ಕಣೇ. ಬೇರೆ ಯಾರಿಗೂ ಕೊಡ್ಲಿಲ್ಲ, ನಾನೇ ಬಿಚ್ಚಿದೆ,” ಎನ್ನುತ್ತಿದ್ದ. ಇಪ್ಪತ್ತು ವರ್ಷ ಒಂದು ಹೂವಿನಂಥ ಮಾತಾಡದ ಗಂಡ! ಆ ಒಂದು ಮಾತಿಗೆ ಹದಿನೇಳಕ್ಕನ ದಿನವಿಡೀ ದುಡಿದ ಸುಸ್ತು ಇಳಿದುಹೋಗುತ್ತಿತ್ತು. ಮರುದಿನ ಕಟ್ಟಿಗೆ ಚೀಟಿ ಅಂಟಿಸುವಾಗ, ಇದು ಅವರ ಕೈಗೇ ಹೋಗಲಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ವರ್ಷದ ಕೊನೆಗೆ ಮಹಡಿಯ ಮೇಲೊಂದು ಕೋಣೆ ಎದ್ದಿತು. “ಉಳಿಸಿದ್ದೆ” ಎಂದ ಅವನು. ಅವಳು ನಂಬಿದಳು.

ಇನ್ನು ಈ ಸ್ಟ್ಯಾಂಪು ಕೂಡಿಡುವವರ ಲೋಕದ ಬಗ್ಗೆ ಎರಡು ಮಾತು ಹೇಳದಿದ್ದರೆ ಕಥೆ ಮುಂದೆ ಸಾಗದು. ಸರಿಯಾಗಿ ಅಚ್ಚಾದ ಸ್ಟ್ಯಾಂಪನ್ನು ನಾಲಿಗೆಗೆ ತಾಗಿಸಿ ಲಕೋಟೆಗೆ ಅಂಟಿಸಿ ಮರೆಯುವ ಜಗತ್ತಿನಲ್ಲಿ, ಕೆಟ್ಟು ಅಚ್ಚಾದದ್ದಕ್ಕಾಗಿ ಮನೆ ಮಾರುವ ಪುಣ್ಯಾತ್ಮರೂ ಇದ್ದಾರೆ. ಆದರೆ ಅವರಿಗೂ ಒಂದು ನಿಯತ್ತು. ಮುದ್ರಣಾಲಯದ ಕಸದಿಂದ ಯಾರೋ ಕದ್ದು ತಂದ ಹಾಳೆಯನ್ನು ಅವರು ಮೂಸಿಯೂ ನೋಡುವುದಿಲ್ಲ. ತಪ್ಪಿದ ಹಾಳೆ ಪರೀಕ್ಷಕಿಯ ಕಣ್ಣು ತಪ್ಪಿಸಿ, ಕಟ್ಟಿನೊಳಗೆ ಸೇರಿ, ಅಂಚೆ ಕಚೇರಿಯ ಕಿಟಕಿಯಲ್ಲಿ ಎಲ್ಲ ಸ್ಟ್ಯಾಂಪಿನಂತೆ ಅಚ್ಚಿನ ಬೆಲೆಗೇ ಮಾರಾಟವಾಗಿರಬೇಕು. ಅದಕ್ಕೆ ರಸೀದಿ ಬೇಕು, ಕಟ್ಟಿನ ಚೀಟಿ ಬೇಕು. ಅಂದರೆ ಒಬ್ಬರ ಕಣ್ಣು ಸೋತದ್ದಕ್ಕೆ ಅವರಿಗೆ ಪುರಾವೆ ಬೇಕು! ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಸ್ಟ್ಯಾಂಪಿನ ಅಂಗಡಿ ಇಟ್ಟಿದ್ದ ಮುದುಕನೊಬ್ಬ ಈ ಪುರಾವೆಗಳನ್ನು ಬಲ್ಲವರಿಗೆ ತಲುಪಿಸುತ್ತಿದ್ದ. ಬೆಲೆ ಏರಲೆಂದು ಅವನು ಹಾಳೆಯ ಜೊತೆ ಲಗತ್ತಿಸಿದ ಚೀಟಿಯೇ ಈಗ ಪತ್ರಿಕೆಯಲ್ಲಿ ಅಚ್ಚಾಗಿ, ಹದಿನೇಳಕ್ಕನ ಮುಖಕ್ಕೆ ಮಸಿ ಬಳಿದಿತ್ತು.

ಪತ್ರಿಕೆ ಬಂದ ಮೂರನೇ ದಿನ ನೋಟೀಸು ಬಂತು. ಗಂಡ ಹೆಂಡತಿ ಇಬ್ಬರನ್ನೂ ಕೆಲಸದಿಂದ ಬದಿಗಿಟ್ಟಿದ್ದರು. ಹದಿನಾಲ್ಕು ತಿಂಗಳಲ್ಲಿ ಏಳು ತಪ್ಪು ಹಾಳೆಗಳು ಆ ಅಂಗಡಿಗೆ ಹೋಗಿದ್ದವು. ಏಳೂ ಹದಿನೇಳನೇ ನಂಬರಿನವು. ಏಳರ ರಸೀದಿಯೂ ಒಂದೇ ಕಿಟಕಿಯದು. ಸೋಮವಾರ ಬೆಳಿಗ್ಗೆ ವಿಚಾರಣೆ. ಕಣ್ಣಿನ ತೊಂದರೆಯಿದ್ದರೆ ಡಾಕ್ಟರ ಕಾಗದ ತರಬೇಕೆಂದು ಕೆಳಗೆ ಬರೆದಿತ್ತು.

“ಏಳಾ?” ಎಂದು ಹದಿನೇಳಕ್ಕ ಮತ್ತೆ ಮತ್ತೆ ಕೇಳಿದಳು. “ಏಳು ಹಾಳೆ ನನ್ನ ಕೈ ದಾಟಿ ಹೋಯ್ತಾ? ಏಳು!” ಕೆಲಸ ಹೋದೀತೆಂಬ ಚಿಂತೆಗಿಂತ ಆ ಸಂಖ್ಯೆಯೇ ಅವಳನ್ನು ಕೊಲ್ಲುತ್ತಿತ್ತು. ಒಂದಿಷ್ಟು ಹೊತ್ತಿನ ಮೇಲೆ ಅವಳಿಗೆ ಕಾಗದದ ನೆನಪಾಯಿತು. “ರೀ, ಡಾಕ್ಟರ್ ಕೊಟ್ಟಿದ್ದು ಎಲ್ಲಿದೆ? ಅವಸರ ಇಲ್ಲ ಅಂತ ಅವರೇ ಬರೆದಿದಾರಲ್ಲ. ಅದನ್ನ ತೋರಿಸಿದ್ರೆ ನಾನು ಬೇಕಂತ ಮುಚ್ಚಿಡ್ಲಿಲ್ಲ ಅಂತ ಗೊತ್ತಾಗುತ್ತೆ.”

ಗಂಡ ಕಿಟಕಿಯ ಕಡೆ ತಿರುಗಿದ. “ಅದಾ... ಎಲ್ಲೋ ಕಳೆದುಹೋಗಿರಬೇಕು.”

“ಕಳೆದಿಲ್ಲ,” ಎಂದಿತು ಬಾಗಿಲಿನಿಂದ ಒಂದು ದನಿ.

ಅತ್ತೆ ತಮ್ಮ ಕೋಣೆಯಿಂದ ತಗಡಿನ ಪೆಟ್ಟಿಗೆ ತಂದು ಎಲ್ಲರ ನಡುವೆ ಇಟ್ಟರು. ಹಳೆಯ ಬಟ್ಟೆಗಳ ಅಡಿಯಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಮೊಮ್ಮಗಳ ಮುಂದೆ ಹಿಡಿದರು.

“ಅಮ್ಮಾ! ಅದು ಆಫೀಸಿನ ಕಾಗದ, ಅದನ್ನ ಯಾಕೆ...” ಎಂದು ಗಂಡ ಕೈ ಚಾಚಿದ.

“ಆಫೀಸಿನ ಕಾಗದ ಜೋಪಾನ ಮಾಡು ಅಂತಾನೇ ನೀನು ಕೊಟ್ಟಿದ್ದು. ನಂಗೆ ಓದೋಕೆ ಬರಲ್ಲ, ನಿಜ. ಆದ್ರೆ ಕಾಗದದ ತಲೇಲಿ ಇಷ್ಟು ದೊಡ್ಡ ಕಣ್ಣಿನ ಚಿತ್ರ ಇದೆಯಲ್ಲೋ, ಅದೂ ಗೊತ್ತಾಗಲ್ವೇನೋ ನಂಗೆ? ಮಗ ಕೊಟ್ಟಿದಾನೆ, ಏನೋ ಕಾರಣ ಇರುತ್ತೆ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಓದು ಮಗೂ.”

ಮಗಳು ಓದಿದಳು. ಎರಡೂ ಕಣ್ಣುಗಳ ಒಳಗಿನ ಒತ್ತಡ ಬಹಳ ಹೆಚ್ಚಾಗಿದೆ. ಅಂಚಿನ ನೋಟ ಹೋಗಿದೆ, ಹೋದದ್ದು ತಿರುಗಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಒಂದು ತಿಂಗಳೊಳಗೆ ದೊಡ್ಡ ಕಣ್ಣಾಸ್ಪತ್ರೆಗೆ ಸೇರಿಸತಕ್ಕದ್ದು. ಸೂಕ್ಷ್ಮವಾಗಿ ನೋಡುವ ಕೆಲಸದಿಂದ ತಕ್ಷಣ ಬಿಡಿಸತಕ್ಕದ್ದು. ರೋಗಿಯ ಪತಿಗೆ ಎಲ್ಲವನ್ನೂ ವಿವರಿಸಲಾಗಿದೆ... ಕೆಳಗೆ ಹದಿನಾಲ್ಕು ತಿಂಗಳ ಹಿಂದಿನ ತಾರೀಖು. ಅದರ ಪಕ್ಕದಲ್ಲಿ, ತಿಳಿದುಕೊಂಡೆ ಎಂದು ಬರೆದು ಗಂಡ ಮಾಡಿದ ಸಹಿ.

ಹದಿನೇಳಕ್ಕ ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕುಳಿತಳು. ಅವಳ ಬಾಯಿಂದ ಬಂದದ್ದು ಆಸ್ಪತ್ರೆಯ ಮಾತಲ್ಲ, ಕಣ್ಣಿನ ಮಾತೂ ಅಲ್ಲ.

“ಇವತ್ತು ನಿನ್ನ ಕಟ್ಟು ಬಂದಿತ್ತು ಕಣೇ ಅಂತಿದ್ರಲ್ಲ... ನಾನೇ ಬಿಚ್ಚಿದೆ ಅಂತಿದ್ರಲ್ಲ... ಅದು ಇದಕ್ಕಾ?”

ಗಂಡ ಅವಳ ಮುಂದೆ ಬಂದು ಕುಳಿತ. “ಮೊದಲನೇ ಸಲ ನಿನ್ನನ್ನ ಉಳಿಸೋಕೇ ಮಾಡಿದ್ದು ಕಣೇ, ನಿನ್ನಾಣೆ! ನಿನ್ನ ಕಟ್ಟಲ್ಲಿ ಒಂದು ಕೆಟ್ಟ ಹಾಳೆ ಕಂಡೆ. ಬೇರೆಯವರ ಕೈಗೆ ಸಿಕ್ಕಿದ್ರೆ ನಿನ್ನ ಕೆಲಸ ಹೋಗುತ್ತೆ ಅಂತ ನಾನೇ ಕೊಂಡು ಜೇಬಲ್ಲಿ ಇಟ್ಟುಕೊಂಡೆ. ಅದಕ್ಕೇ ನಿನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದು. ಅದೇ ವಾರ ಆ ಅಂಗಡಿ ಮುದುಕ ಅದನ್ನ ನೋಡ್ಬಿಟ್ಟ... ಅವನು ಹೇಳಿದ ಮೊತ್ತ ಕೇಳಿ ನಂಗೆ ತಲೆ ತಿರುಗಿಹೋಯ್ತು. ಇನ್ನೊಂದು ಸಿಕ್ಕಿದ್ರೆ ಆಸ್ಪತ್ರೆಗೆ ಸೇರಿಸೋಣ ಅಂದ್ಕೊಂಡೆ. ಸಿಕ್ಕಿತು. ಇನ್ನೊಂದೇ ಒಂದು ಅಂದ್ಕೊಂಡೆ...”

“ನಾನು ಆಸ್ಪತ್ರೆಗೆ ಹೋಗಿದ್ರೆ ಹದಿನೇಳನೇ ನಂಬರಿನ ಕಟ್ಟು ಬರ್ತಿರ್ಲಿಲ್ಲ. ಅಲ್ವಾ?”

ಅತ್ತ ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಹದಿನೇಳಕ್ಕ ತಲೆಯನ್ನು ಅತ್ತಿತ್ತ ಆಡಿಸಿ ಮಗಳ ಮುಖಕ್ಕಾಗಿ ಹುಡುಕಿದಳು. ಹದಿನಾಲ್ಕು ತಿಂಗಳ ಹಿಂದೆ ಕೋಣೆಯ ಬಹುಭಾಗ ಕಾಣುತ್ತಿತ್ತು. ಈಗ ಒಂದು ಮುಖದಷ್ಟು ಜಾಗ ಮಾತ್ರ ಉಳಿದಿತ್ತು.

ವಿಚಾರಣೆಯವರೆಗಿನ ನಾಲ್ಕು ದಿನ ಆ ಮನೆಯಲ್ಲಿ ಮನುಷ್ಯರು ಇದ್ದಾರೆಂದು ಹೇಳುವಂತಿರಲಿಲ್ಲ. ಗಂಡ ವಕೀಲರನ್ನು ಕಂಡು ಬಂದ. ವಕೀಲರು ಬಿಡಿಸಿ ಹೇಳಿದ್ದರು. ಅಚ್ಚಿನ ಬೆಲೆ ಕೊಟ್ಟು ಸ್ಟ್ಯಾಂಪು ಕೊಳ್ಳುವುದು ಅಪರಾಧವಲ್ಲ. ಹೆಂಡತಿಯ ಕಣ್ಣು ಕಾಣದೆಂದು ಗೊತ್ತಿದ್ದು, ಅದನ್ನು ಮುಚ್ಚಿಟ್ಟು, ಅವಳ ಕಟ್ಟನ್ನೇ ಆರಿಸಿ ಬಿಚ್ಚಿದ್ದರೆ ಮಾತ್ರ ವಂಚನೆ, ಅದಕ್ಕೆ ಜೈಲು. ಎಲ್ಲ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ, ಗಂಡನಿಗೆ ಗೊತ್ತಿತ್ತೇ ಇಲ್ಲವೇ. ಹೆಂಡತಿ ಗೊತ್ತಿರಲಿಲ್ಲ ಎಂದರೆ ಅವನು ಪಾರು. ಆದರೆ ಆಗ ರೋಗ ಮುಚ್ಚಿಟ್ಟ ತಪ್ಪು ಅವಳೊಬ್ಬಳ ತಲೆಗೆ ಬರುತ್ತದೆ. ಕೆಲಸವೂ ಇಲ್ಲ, ಪಿಂಚಣಿಯೂ ಇಲ್ಲ, ಇಲಾಖೆಯ ಆಸ್ಪತ್ರೆಯ ಬಾಗಿಲೂ ಮುಚ್ಚಿದಂತೆ. ಗಂಡ ಇದನ್ನೆಲ್ಲ ತಾಯಿಯ ಹತ್ತಿರ ತೋಡಿಕೊಂಡ, ಹೆಂಡತಿಗೆ ಹೇಳಲಿಲ್ಲ. ಗೊತ್ತಿರಲಿಲ್ಲ ಅನ್ನು, ಅಷ್ಟು ಸಾಕು ಎಂದು ಕಾಲು ಹಿಡಿದ. ಉಳಿದದ್ದನ್ನು ಅವಳೇ ಊಹಿಸಿಕೊಂಡಳು. ಇಪ್ಪತ್ತೆರಡು ವರ್ಷ ಇಲಾಖೆಯ ಅನ್ನ ತಿಂದವಳಿಗೆ ನಿಯಮ ಗೊತ್ತಿರದೆ ಇರುತ್ತದೆಯೇ!

ಭಾನುವಾರ ಮಧ್ಯಾಹ್ನ ಮಗಳು ಬಂದು ತೊಡೆಯ ಮೇಲೆ ತಲೆಯಿಟ್ಟಳು. “ಅಮ್ಮಾ, ಅಪ್ಪನ ಮುಖ ನೋಡೋಕೆ ಮನಸ್ಸಾಗಲ್ಲ ನಂಗೆ. ಆದ್ರೂ... ಜೈಲಿಗೆ ಹೋಗೋದು ಬೇಡಮ್ಮ. ಸ್ಕೂಲಲ್ಲಿ ಎಲ್ಲರೂ...” ಹದಿನೇಳಕ್ಕ ಬಹಳ ಹೊತ್ತು ಮಗಳ ಕೂದಲು ಸವರಿದಳು. ಆಮೇಲೆ, “ಆ ಕಾಗದ ಕೊಡು,” ಎಂದಳು. ಮಗಳ ಕೈ ಹಿಡಿದು ಒಲೆಯ ಬಳಿ ಹೋಗಿ, ಶಾಖ ಬರುವ ಕಡೆಗೆ ಕೈ ಚಾಚಿ, ಕಾಗದವನ್ನು ಉರಿಗೆ ಬಿಟ್ಟಳು. ಹಿಂದೆ ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಬೈಯಲೂ ಇಲ್ಲ, ತಡೆಯಲೂ ಇಲ್ಲ. ಅವರ ಕಣ್ಣೆದುರೇ ಹಾಳೆ ಸುಟ್ಟು ಕರಕಲಾಯಿತು.

ಸೋಮವಾರ ಬೆಳಿಗ್ಗೆ ಜೊತೆಗೆ ಯಾರು ಹೋಗಬೇಕೆಂಬ ಮಾತು ಬಂದಾಗ ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದರು. “ನಾನು ಕರ್ಕೊಂಡು ಹೋಗ್ತೀನಿ. ನೀನು ಮನೇಲಿರು,” ಎಂದು ಮಗನಿಗೆ ಹೇಳಿದರು. ದಾರಿಯುದ್ದಕ್ಕೂ ಸೊಸೆಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದರು. ಮೆಟ್ಟಿಲು ಬಂದಲ್ಲಿ “ಮೆಟ್ಟಿಲು” ಎನ್ನುತ್ತಿದ್ದರು, ಕಲ್ಲು ಬಂದಲ್ಲಿ “ಕಲ್ಲು” ಎನ್ನುತ್ತಿದ್ದರು. ಬೇರೆ ಮಾತಿಲ್ಲ. ಇಪ್ಪತ್ತು ವರ್ಷದಲ್ಲಿ ಸೊಸೆಯ ಜೊತೆ ಅವರು ಇಷ್ಟು ದೂರ ನಡೆದದ್ದೂ ಇರಲಿಲ್ಲ, ಇಷ್ಟು ಕಡಿಮೆ ಮಾತಾಡಿದ್ದೂ ಇರಲಿಲ್ಲ.

ವಿಚಾರಣೆಯ ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಕುರ್ಚಿ ಎಳೆದು ಕೂರಿಸಿದ. ನೀರು ಕೊಟ್ಟ. ಅವಳ ಹಳೆಯ ಕಡತದಲ್ಲಿ ಒಂದೇ ಒಂದು ಕೆಂಪು ಗುರುತು ಇಲ್ಲದ್ದನ್ನು ತಾನೇ ಓದಿ ಹೇಳಿದ.

“ನೋಡಿ ಅಮ್ಮಾ, ನಿಮ್ಮ ರೋಗ ಎಷ್ಟು ಮುಂದುವರಿದಿದೆ ಅಂತ ನಿಮ್ಮಿಂದಲೇ ಮುಚ್ಚಿಟ್ಟಿದ್ರೆ ಅದು ನಿಮ್ಮ ತಪ್ಪಲ್ಲ. ನಿಮ್ಮ ಪಿಂಚಣಿ ಉಳಿಯುತ್ತೆ, ಇಲಾಖೇನೇ ಚಿಕಿತ್ಸೆ ಕೊಡ್ಸುತ್ತೆ. ಉಳಿದಿರೋ ದೃಷ್ಟಿಯಾದ್ರೂ ಉಳೀಬಹುದು. ಅದಕ್ಕೇ ಯೋಚನೆ ಮಾಡಿ ಹೇಳಿ. ನಿಮ್ಮ ಯಜಮಾನರಿಗೆ ನಿಮ್ಮ ಕಣ್ಣಿನ ವಿಷಯ ಗೊತ್ತಿತ್ತಾ?”

“ಗೊತ್ತಿರ್ಲಿಲ್ಲ ಸಾರ್. ನಾನು ಯಾರಿಗೂ ಹೇಳಿರ್ಲಿಲ್ಲ.”

“ಹಾಗಾದ್ರೆ ಅಷ್ಟು ಕಟ್ಟುಗಳಲ್ಲಿ ಹದಿನೇಳನೇ ನಂಬರಿನದನ್ನೇ ಹುಡುಕಿ ಹುಡುಕಿ ಅವರೊಬ್ಬರೇ ಯಾಕೆ ಬಿಚ್ತಿದ್ರು? ಅವರ ಜೊತೆ ಕೆಲಸ ಮಾಡೋರೆಲ್ಲ ಹಾಗೇ ಹೇಳಿದಾರೆ.”

ಈ ಪ್ರಶ್ನೆಗೆ ಹದಿನೇಳಕ್ಕನ ಹತ್ತಿರ ಒಂದೇ ಉತ್ತರವಿತ್ತು. ಹದಿನಾಲ್ಕು ತಿಂಗಳು ಅವಳು ಸತ್ಯವೆಂದು ನಂಬಿ ಬದುಕಿದ್ದ ಉತ್ತರ ಅದು.

“ಪ್ರೀತಿ ಸಾರ್,” ಎಂದಳು. “ನನ್ನ ಕೈಯಾರೆ ಕಟ್ಟಿದ್ದು ಅಂತ. ಬೇರೆಯವರು ಮುಟ್ಟೋದು ಬೇಡ ಅಂತ ಅವರೇ ಬಿಚ್ತಿದ್ರು. ದಿನಾ ಸಂಜೆ ಬಂದು ಹೇಳ್ತಿದ್ರು... ಇವತ್ತು ನಿನ್ನ ಕಟ್ಟು ಬಂದಿತ್ತು ಅಂತ. ಹಾಗೆ ಬಿಚ್ಚಿದಾಗ ಏಳು ಸಲ ಅವರ ಕಣ್ಣಿಗೆ ಬಿತ್ತು. ಅಷ್ಟೇ ಸಾರ್. ತಪ್ಪು ನಂದು.”

ಅಧಿಕಾರಿ ಬರೆದುಕೊಂಡ. ಸಹಿ ಹಾಕಬೇಕಾದ ಗೆರೆ ಅವಳಿಗೆ ಕಾಣಲಿಲ್ಲ. ಅವನೇ ಅವಳ ಬೆರಳು ಹಿಡಿದು ಗೆರೆಯ ಮೇಲಿಟ್ಟ.

ಹೊರಗಿನ ಬೆಂಚಿನಿಂದ ಅತ್ತೆ ಎದ್ದು ಬಂದರು. “ಕೇಳಿದ್ರಾ?”

“ಕೇಳಿದ್ರು.”

“ಏನಂದೆ?”

“ಅವರಿಗೆ ಗೊತ್ತಿರ್ಲಿಲ್ಲ ಅಂದೆ ಅತ್ತೆ. ಇನ್ನು ನಿಮ್ಮ ಮಗನಿಗೆ ಏನೂ ಆಗಲ್ಲ. ಮನೆಗೆ ಹೋಗೋಣ.”

ಮಗನನ್ನು ಉಳಿಸಿದ ಸೊಸೆಯನ್ನು ತಬ್ಬಿಕೊಂಡು ಯಾವ ತಾಯಿಯಾದರೂ ಅಳಬೇಕಿತ್ತು. ಅತ್ತೆಯ ಹಿಡಿತ ಮಾತ್ರ ಮಣಿಕಟ್ಟು ನೋಯುವಷ್ಟು ಬಿಗಿಯಾಯಿತು. “ನಿನ್ನ ಆಸ್ಪತ್ರೆ?” ಎಂದು ಕೇಳಿದರು. “ಪಿಂಚಣಿ?” ಸೊಸೆ ಬಾಗಿಲಿನ ಕಡೆ ತಿರುಗಿದಳು. “ಅಯ್ಯೋ ಹುಚ್ಚಿ... ಅಯ್ಯೋ ನನ್ನ ಹುಚ್ಚಿ!” ಎಂದು ಹಣೆ ಹಣೆ ಚಚ್ಚಿಕೊಂಡರು. “ಇಪ್ಪತ್ತು ವರ್ಷ ನಿನ್ನ ಬೈದೆ. ನೀರು ಚೆಲ್ಲಿದ್ರೆ ಬೈದೆ, ಪಾತ್ರೆ ಬೀಳಿಸಿದ್ರೆ ಬೈದೆ. ಕಣ್ಣು ಕಾಣಲ್ವೇನೇ ಅಂತ ಅದೇ ಬಾಯಲ್ಲಿ ಕೇಳಿದೆ. ಕಣ್ಣಿನ ಕಾಗದ ನನ್ನ ಪೆಟ್ಟಿಗೇಲೇ ಇತ್ತಲ್ಲೇ! ಒಂದು ದಿನ ಮಗು ಕೈಗೆ ಕೊಟ್ಟು ಓದ್ಸಿದ್ರೆ ಸಾಕಾಗಿತ್ತು. ಮಗನ ಮೇಲಿನ ಮೋಹಕ್ಕೆ ಬಾಯಿ ಮುಚ್ಚಿಕೊಂಡು ಕೂತೆ. ಅವನು ನಿನ್ನ ಕಣ್ಣು ತಿಂದ. ನಾನು ಕಾವಲು ಕೂತಿದ್ದೆ!”

“ಅತ್ತೆ, ಜೋರಾಗಿ ಮಾತಾಡ್ಬೇಡಿ. ಒಳಗೆ ಕೇಳಿಸುತ್ತೆ...”

“ಕೇಳಿಸ್ಲಿ.”

ಮಣಿಕಟ್ಟಿನ ಮೇಲಿನ ಕೈ ಬಿಟ್ಟುಹೋಯಿತು. ಹದಿನೇಳಕ್ಕ ಗಾಬರಿಯಿಂದ ಅತ್ತ ಇತ್ತ ತಲೆ ತಿರುಗಿಸಿದಳು. ಕಿಟಕಿ ಕಂಡಿತು. ಬೆಂಚಿನ ತುದಿ ಕಂಡಿತು. ಅತ್ತೆ ಎಲ್ಲೂ ಕಾಣಲಿಲ್ಲ. “ಅತ್ತೆ! ಬೇಡ ಅತ್ತೆ! ನಿಮಗೆ ಕೈ ಮುಗೀತೀನಿ!” ಎಂದು ಕೈ ಚಾಚಿಕೊಂಡು ಎರಡು ಹೆಜ್ಜೆ ಇಟ್ಟಳು, ಗೋಡೆ ಸಿಕ್ಕಿತು. ಗೋಡೆಯಾಚೆ ಕುರ್ಚಿ ಸರಿದ ಸದ್ದು. ಆಮೇಲೆ ಆ ಬೀದಿಯೇ ಹೆದರುತ್ತಿದ್ದ ದನಿ, ಒಂದಿಷ್ಟೂ ನಡುಗದೆ.

“ಸಾಹೇಬ್ರೇ, ಅವಳು ಹೇಳಿದ್ದನ್ನ ಹೊಡೆದುಹಾಕಿ. ನಾನು ಆ ಹುಡುಗನ ಹೆತ್ತ ತಾಯಿ. ಅವನಿಗೆ ಗೊತ್ತಿತ್ತು. ಮೊದಲನೇ ದಿನದಿಂದಾನೂ ಗೊತ್ತಿತ್ತು. ಡಾಕ್ಟರ್ ಕೊಟ್ಟ ಕಾಗದ ನನ್ನ ಪೆಟ್ಟಿಗೇಲೇ ಇತ್ತು. ನಿನ್ನೆ ಇವಳು ಅದನ್ನ ಸುಟ್ಟುಹಾಕಿದಾಳೆ. ಆದ್ರೆ ಆ ಡಾಕ್ಟರ್ ಬದುಕಿದಾನಲ್ಲ, ಅವನ ಪುಸ್ತಕದಲ್ಲಿ ಬರ್ಕೊಂಡೇ ಇರ್ತಾನೆ. ಹೋಗಿ ಕೇಳಿ. ನಾನು ಎಲ್ಲಿ ಹೆಬ್ಬೆಟ್ಟು ಒತ್ತಬೇಕು, ತೋರಿಸಿ.”

ಹಿಂತಿರುಗುವಾಗಲೂ ಅತ್ತೆ ಮೆಟ್ಟಿಲು ಬಂದಲ್ಲಿ ಮೆಟ್ಟಿಲು, ಕಲ್ಲು ಬಂದಲ್ಲಿ ಕಲ್ಲು ಎಂದಷ್ಟೇ ಹೇಳಿದರು. ಅವರ ಹೆಬ್ಬೆರಳಿನ ಶಾಯಿ ಸೊಸೆಯ ಮಣಿಕಟ್ಟಿಗೂ ಹತ್ತಿತ್ತು. ಅವಳಿಗೆ ಅದು ಕಾಣಲಿಲ್ಲ. ಕೈ ಅಂಟಂಟಾಗಿದೆ ಎಂದು ಮಾತ್ರ ಅನ್ನಿಸಿತು. ರಸ್ತೆ ದಾಟುವಲ್ಲಿ ಅತ್ತೆ ಒಮ್ಮೆ ನಿಂತರು. ಅಳುತ್ತಿದ್ದಾರೆಂದು ಉಸಿರಿನಿಂದ ಗೊತ್ತಾಯಿತು. ಹದಿನೇಳಕ್ಕ ಏನೂ ಕೇಳದೆ ಪಕ್ಕದಲ್ಲಿ ನಿಂತುಕೊಂಡಳು.

ಮಗ ಬಾಗಿಲಲ್ಲೇ ಕಾಯುತ್ತಿದ್ದ. “ಏನಾಯ್ತು? ಏನಂದೆ?” ಎಂದು ಹೆಂಡತಿಯ ಕಡೆ ಓಡಿ ಬಂದ.

“ಅವಳು ನಿನ್ನನ್ನ ಉಳಿಸಿದ್ಲು ಕಣೋ,” ಎಂದರು ಅತ್ತೆ. “ನಾನು ಉಳಿಸ್ಲಿಲ್ಲ.”

ಮೊದಲು ಅವನಿಗೆ ಅರ್ಥವಾಗಲಿಲ್ಲ. ತಾಯಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅಡುಗೆಮನೆಗೆ ಹೋಗುವವರೆಗೂ ನಿಂತೇ ಇದ್ದ. ಆಮೇಲೆ ಹೊಸಿಲ ಮೇಲೆ ಕುಳಿತ. “ಅಮ್ಮಾ... ನೀನಾ? ನೀನೇನಾ ಅಮ್ಮಾ?”

“ಹೂಂ, ನಾನೇ. ಹೆತ್ತವಳು ನಾನೇ ತಾನೇ? ಇನ್ಯಾರು ಹೇಳ್ಬೇಕಿತ್ತು?” ಒಳಗಿನಿಂದ ಪಾತ್ರೆಗಳ ಸದ್ದು ಬಂತು. “ಎದ್ದು ಕೈ ತೊಳ್ಕೊಂಡು ಬಾ, ಊಟ ಮಾಡು. ಪೊಲೀಸ್ನೋರು ಬರೋಕೆ ಇನ್ನೂ ಹೊತ್ತಿದೆ.”

ಮಗಳು ತಟ್ಟೆ ಹಾಕಿದಳು. ಇಷ್ಟು ವರ್ಷ ಎಲ್ಲರದೂ ಮುಗಿದ ಮೇಲೆ ಉಣ್ಣುತ್ತಿದ್ದ ಸೊಸೆಯನ್ನು ಅತ್ತೆ ಭುಜ ಹಿಡಿದು ಕೂರಿಸಿ, ಮೊದಲ ತಟ್ಟೆಯನ್ನು ಅವಳ ಮುಂದಿಟ್ಟರು. ಅವಳ ಕೈ ಹಿಡಿದು, “ಇಲ್ಲಿದೆ ತಟ್ಟೆ, ಇಲ್ಲಿದೆ ನೀರು,” ಎಂದು ಮುಟ್ಟಿಸಿ ತೋರಿಸಿದರು. ಆಮೇಲೆ ಮಗನಿಗೆ ಬಡಿಸಿದರು. ಅವನು ಸಾಕು ಎಂದರೂ ಕೇಳದೆ ಇನ್ನಷ್ಟು ಬಡಿಸಿದರು. ಕಣ್ಣೀರು ಒರೆಸಿಕೊಳ್ಳುತ್ತ ಅವನು ಉಂಡ. ತಟ್ಟೆ ಖಾಲಿಯಾಗುವವರೆಗೂ ತಾಯಿ ಅವನ ಪಕ್ಕದಲ್ಲಿ ಕುಳಿತಿದ್ದರು.